ಅತ್ತೆ ತೊಳೆದು ಕೊಟ್ಟ ಎಂಜಲು

ಎಂಜಲಿನ ವಿಷಯದಲ್ಲಿ ನಮ್ಮ ಅತ್ತೆಗಿರುವ ಕಣ್ಣು ಇಡೀ ಸಿದ್ದಾಪುರ ತಾಲೂಕಿನಲ್ಲಿ ಇನ್ನೊಬ್ಬರಿಗಿಲ್ಲ. ಉತ್ಪ್ರೇಕ್ಷೆ ಎನ್ನುತ್ತೀರಾ? ರಸ್ತೆಯ ಆಚೆ ಬದಿಯ ಅಂಗಡಿಯವನು ಪ್ಲಾಸ್ಟಿಕ್ ಚೀಲ ಬಿಡಿಸಲು ಬೆರಳನ್ನು ನಾಲಿಗೆಗೆ ಮುಟ್ಟಿಸಲಿ, ಈಚೆ ಬದಿಯಿಂದ "ತಮಾ, ಕೈ ತೊಳಕಳಾ!" ಎಂಬ ಕೂಗು ಕೇಳಿಸುತ್ತದೆ.

ಅತ್ತೆ ನನ್ನ ಅಪ್ಪನ ತಂಗಿ. ಕಾನಸೂರಿನಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡು ಒಬ್ಬಳೇ ಇದ್ದಾಳೆ. ಲೋಕದ ಹೊಲಿಗೆಯವರೆಲ್ಲ ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ ಸೂಜಿಗೆ ಪೋಣಿಸುತ್ತಾರಲ್ಲ, ಅತ್ತೆಯ ಅಂಗಡಿಯಲ್ಲಿ ಅದಕ್ಕೆಂದೇ ಒಂದು ನೀರಿನ ಬಟ್ಟಲಿದೆ. ದಾರವನ್ನು ಹಲ್ಲಿನಿಂದ ಕಡಿದ ಸಹಾಯಕಿಯೊಬ್ಬಳು ಅದೇ ಮಧ್ಯಾಹ್ನ ಕೆಲಸ ಬಿಟ್ಟಳು. ಬಿಟ್ಟಳೋ, ಅತ್ತೆಯೇ ಬಿಡಿಸಿದಳೋ, ಅದರ ಬಗ್ಗೆ ಎರಡು ಅಭಿಪ್ರಾಯಗಳಿವೆ.

ಒಬ್ಬಳೇ ಏಕೆ ಎಂದಿರಾ? ಹಿಂದೆ ಬಿಳಗಿ ಕಡೆಯಿಂದ ಒಬ್ಬ ವರ ಹೆಣ್ಣು ನೋಡಲು ಬಂದಿದ್ದನಂತೆ. ಜಾತಕ ಕೂಡಿತ್ತು, ಎರಡೂ ಕಡೆಯವರಿಗೆ ಒಪ್ಪಿಗೆಯಾಗಿತ್ತು. ಮುಹೂರ್ತ ನೋಡೋಣವೆಂದು ಆತ ಬೆರಳಿಗೆ ಉಗುಳು ಹಚ್ಚಿಕೊಂಡು ಪಂಚಾಂಗದ ಹಾಳೆ ತಿರುಗಿಸಿದ. ಅಲ್ಲಿಗೆ ಮುಹೂರ್ತವೂ ಮುಗಿಯಿತು, ವರನೂ ಮುಗಿದ!

ನನ್ನ ಮಗಳ ಹುಟ್ಟುಹಬ್ಬಕ್ಕೆ ಬಂದಾಗಲೂ ಹೀಗೇ. ಮಗು ಮೇಣದಬತ್ತಿ ಊದಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಅತ್ತೆ ಮಾತ್ರ ಗೋಡೆಗೆ ಒರಗಿಕೊಂಡು, "ಅಷ್ಟೂ ಜನ ತಿಂಬ ವಸ್ತುವಿನ ಮೇಲೆ ಉಗುಳಿಸಿ ಚಪ್ಪಾಳೆ ಬೇರೆ ಹೊಡೀತ್ವಲೆ!" ಎಂದಳು. ಆಮೇಲೆ ಕೇಕು ಯಾರ ಗಂಟಲಲ್ಲೂ ಸರಿಯಾಗಿ ಇಳಿಯಲಿಲ್ಲ.

ಇಂಥ ಅತ್ತೆ ಕಳೆದ ವರ್ಷ ತನ್ನದೇ ರವಿಕೆಗಳಿಗೆ ಒಳಹೊಲಿಗೆ ಹಾಕತೊಡಗಿದಳು. ಕೇಳಿದರೆ, "ಬಟ್ಟೆ ಹಿಗ್ಗಿದ್ದು" ಎಂದಳು. ಸ್ವಲ್ಪ ದಿನ ಬಿಟ್ಟು ಹೋದರೆ ಅದೇ ರವಿಕೆಗೆ ಇನ್ನೊಂದು ಹೊಲಿಗೆ ಬಿದ್ದಿತ್ತು. ಬಟ್ಟೆ ಅಷ್ಟೆಲ್ಲ ಹಿಗ್ಗುತ್ತದೆಯೇ? ಊಟ ಸೇರುತ್ತಿರಲಿಲ್ಲ, ಹೊಟ್ಟೆಯಲ್ಲಿ ಉರಿ. ಯಲ್ಲಾಪುರದಲ್ಲಿದ್ದ ದೊಡ್ಡತ್ತೆಗೂ, ಅಂದರೆ ಅತ್ತೆಯ ಅಕ್ಕನಿಗೂ, ಮೊದಲು ಹೀಗೇ ಆಗಿತ್ತು. ಗ್ಯಾಸು ಗ್ಯಾಸು ಎಂದು ಜೀರಿಗೆ ಕಷಾಯ ಕುಡಿಯುತ್ತ, ಬಾಯಿಯಿಂದ ಹೊಟ್ಟೆಗೆ ಬಿಡುವ ಪೈಪಿಗೆ ಹೆದರಿ ಮನೆಯಲ್ಲೇ ಕುಳಿತಳು. ಹೊಟ್ಟೆಯ ಕ್ಯಾನ್ಸರ್ ಎಂದು ತಿಳಿಯುವ ಹೊತ್ತಿಗೆ ಮಾಡುವುದೇನೂ ಉಳಿದಿರಲಿಲ್ಲ. ನನಗೆ ನಿಜಕ್ಕೂ ಭಯವಾಯಿತು. ಅತ್ತೆಯನ್ನು ಹೇಗೋ ಶಿರಸಿಗೆ ಎಳೆದೊಯ್ದೆ.

ಡಾಕ್ಟರು ಹಾವೇರಿ ಕಡೆಯವರು. "ಬಾಯಾಗಿಂದ ಸಣ್ಣ ಪೈಪ್ ಬಿಟ್ಟು ಹೊಟ್ಟಿ ನೋಡಬೇಕ್ರಿ ಅಮ್ಮಾ" ಎಂದರು.

"ಆ ಪೈಪು ಇಲ್ಲಿವರೆಗೆ ಎಷ್ಟು ಜನರ ಬಾಯಿಗೆ ಹೋಗಿ ಬೈಂದು?"

"ಪ್ರತಿ ಸಲ ತೊಳೀತೇವ್ರಿ."

"ಎಂತದ್ರಲ್ಲಿ?"

ಡಾಕ್ಟರು ಔಷಧದ ಹೆಸರು ಹೇಳಿದರು. ಅತ್ತೆ ಎದ್ದು ನಿಂತಳು. ಹುಣಸೆಹಣ್ಣಿಲ್ಲದೆ ತೊಳೆದದ್ದು ಎಂಥ ತೊಳೆದದ್ದು!

ಎಂಜಲಿನಲ್ಲಿರುವ ಡಿಎನ್‌ಎ ನೋಡಿ ಹೊಟ್ಟೆಯ ಕ್ಯಾನ್ಸರ್ ಪತ್ತೆಹಚ್ಚಬಹುದಂತೆ ಎಂದು ನಾನು ಮೊಬೈಲಿನಲ್ಲಿ ಓದಿದ್ದೆ. ಅದನ್ನೇ ಕೇಳಿದೆ. "ಅದಿನ್ನೂ ಸಂಶೋಧನಾದಾಗ ಐತ್ರಿ" ಎಂದರು ಡಾಕ್ಟರು. "ನಮ್ಮ ಗೆಳೆಯರ ತಂಡದವರು ಎಂಜಲು ಸಂಗ್ರಹ ಮಾಡಾಕತ್ತಾರ. ಕೊಟ್ರ ಉಪಕಾರ ಆಗ್ತೈತಿ. ಆದ್ರ ಪೈಪ್ ತಪ್ಪಂಗಿಲ್ಲ."

ನರ್ಸ್ ಒಂದು ಪುಟ್ಟ ನಳಿಕೆ ತಂದು, ಗೆರೆಯವರೆಗೆ ಉಗುಳಿ ಕೊಡಿ ಎಂದಳು. ಜೀವಮಾನವಿಡೀ ಎಂಜಲಿನಿಂದ ಓಡಿದವಳ ಕೈಗೆ ನಳಿಕೆ! ಅತ್ತೆ ನನ್ನ ಕಿವಿಯಲ್ಲಿ, "ಎನ್ನ ಎಂಜಲು ಮುಟ್ಟದಕ್ಕೆ ಆ ನರ್ಸ್ ಕೂಸಿಗೆ ಹೇಸಿಗೆ ಆಗ್ತಿಲ್ಯ?" ಎಂದು ಕೇಳಿ, ಸೆರಗು ಮರೆಮಾಡಿಕೊಂಡು ಬಚ್ಚಲ ಕಡೆ ಹೋದಳು. ಬಹಳ ಹೊತ್ತು ಬರಲಿಲ್ಲ. ಬಂದಾಗ ನಳಿಕೆ ಫಳಫಳ ಹೊಳೆಯುತ್ತಿತ್ತು. ಒಳಗೆ ಒಂದು ಹನಿಯೂ ಇಲ್ಲ.

"ಎಲ್ಲಿ ಅತ್ತೆ?"

"ಗೆರೆವರೆಗೆ ಉಗುಳಿದ್ದೆ. ಎಂಜಲು ಮಾಡಿದ್ದನ್ನ ತೊಳೀದೇ ಹೆಂಗೆ ಕೊಡದು? ಸೋಪು ಹಾಕಿ ತಿಕ್ಕಿದ್ದೆ."

ನರ್ಸ್ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು. ನಗು ತಡೆಯಲಾರದೆ ನಾನು ಗೋಡೆಯ ಮೇಲಿನ ಹೃದಯದ ಚಿತ್ರವನ್ನು ಗಂಭೀರವಾಗಿ ಅಭ್ಯಾಸ ಮಾಡಿದೆ. ಡಾಕ್ಟರು ಮಾತ್ರ ನಗಲಿಲ್ಲ. ಹೊಸ ನಳಿಕೆ ತರಿಸಿ ಅತ್ತೆಯ ಎದುರು ಕುಳಿತರು. "ಅಮ್ಮಾ, ಇದು ಬರೇ ನಿಮ್ಮ ಸಲುವಾಗಿ ಅಲ್ರಿ. ಪೈಪಿಗೆ ಹೆದರಿ ಮನ್ಯಾಗ ಕುಂತಾರಲ್ರಿ, ಅಂಥವರಿಗೆ ಮುಂದ ಇದರಿಂದ ಒಂದು ದಾರಿ ಆಗಬಹುದು."

ಅತ್ತೆ ಈ ಸಲ ಬಚ್ಚಲಿಗೆ ಹೋಗಲಿಲ್ಲ. ಎಲ್ಲರೆದುರೇ ಕುಳಿತು, ನಿಧಾನವಾಗಿ ಗೆರೆಯವರೆಗೆ ಉಗುಳಿ, ಮುಚ್ಚಳ ಹಾಕಿ ಕೊಟ್ಟಳು. ಕೊಟ್ಟವಳೇ, "ಪೈಪು ಯಾವತ್ತು ಹಾಕ್ತ್ರಿ?" ಎಂದು ಕೇಳಿದಳು.

ಪೈಪೂ ಹೋಗಿ ಬಂತು. ಒಳಗಿನಿಂದ ಸಣ್ಣ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಅದರ ಫಲಿತಾಂಶಕ್ಕೆ ಕಾಯುವ ದಿನಗಳಲ್ಲಿ ಅತ್ತೆ ಕ್ಯಾನ್ಸರ್ ಎಂಬ ಶಬ್ದವನ್ನೇ ಎತ್ತಲಿಲ್ಲ. ಫೋನು ಮಾಡಿದಾಗಲೆಲ್ಲ ಒಂದೇ ಪ್ರಶ್ನೆ: "ಕೂಸೇ, ಎನ್ನ ಎಂಜಲು ಈಗ ಯಾವ ಊರಲ್ಲಿದ್ದಿಕ್ಕು?"

ಕೊನೆಗೂ ಡಾಕ್ಟರು ಕರೆದು ಹೇಳಿದರು: ಕ್ಯಾನ್ಸರ್ ಅಲ್ಲ, ಹುಣ್ಣು; ಮಾತ್ರೆಯಿಂದ ಗುಣವಾಗುತ್ತದೆ. ಹೊರಗೆ ಬಂದು ಎದುರಿನ ಹೋಟೆಲಿನಲ್ಲಿ ಕುಳಿತೆವು. ಅತ್ತೆ ತಣ್ಣನೆಯ ಹಾಲು ತರಿಸಿದಳು. ನೀರನ್ನೂ ಎತ್ತಿ ಕುಡಿಯುವವಳು ಅಂದು ಲೋಟವನ್ನು ತುಟಿಗೆ ಇಟ್ಟೇ ಕುಡಿದಳು! ಅರ್ಧ ಕುಡಿದು ಲೋಟವನ್ನು ನನ್ನ ಕಡೆಗೆ ಸರಿಸಿದಳು.

"ಅಕ್ಕ ಕಡೇ ದಿನ ಹಿಂಗೇ ಅರ್ಧ ಕುಡಿದು, ಇನ್ನು ಸೇರ್ತಿಲ್ಲೆ, ನೀ ಕುಡಿ ಹೇಳಿ ಎನಗೆ ಕೊಟ್ಟಿತ್ತು" ಎಂದಳು. "ಎಂಜಲು ಹೇಳಿ ಆನು ಕುಡದ್ನಿಲ್ಲೆ. ಅಕ್ಕ ನೋಡ್ತಾ ಇತ್ತು. ನೀ ಕುಡೀತ್ಯ?"

ನಾನು ಲೋಟವೆತ್ತಿ ಒಂದು ತೊಟ್ಟೂ ಬಿಡದೆ ಕುಡಿದೆ. ಅತ್ತೆ ಮುಗಿಯುವವರೆಗೂ ನೋಡುತ್ತಿದ್ದಳು. ಆಮೇಲೆ ತನ್ನ ಸೆರಗಿನ ತುದಿಯಿಂದಲೇ ನನ್ನ ಬಾಯಿ ಒರೆಸಿದಳು.