ಸರಳ ಚಹಾದ ಮರುಪರಿಶೀಲನೆ

ಮನೆಯಲ್ಲೇ ಕುಳಿತು ಧ್ಯಾನ ಮಾಡುವವರು ಚಹಾ ಕುಡಿಯಬಹುದು ಎಂಬುದನ್ನು ಅವಳಿ ನಗರ ಗೃಹಧ್ಯಾನ ಮಂಡಳಿಯು ಹನ್ನೊಂದು ಸಭೆಗಳ ನಂತರ ತಾತ್ವಿಕವಾಗಿ ಒಪ್ಪಿಕೊಂಡಿದೆ. ಹನ್ನೊಂದೂ ಸಭೆಗಳಲ್ಲಿ ಚಹಾದ ವ್ಯವಸ್ಥೆಯಿತ್ತು.

ಸುತ್ತೋಲೆಯ ಏಳನೆಯ ನಿಯಮ ಹೀಗಿದೆ: ‘ಶಿಬಿರದ ಮನೆಯಲ್ಲಿ ದಿನಕ್ಕೊಮ್ಮೆ, ಸಂಜೆ ನಾಲ್ಕು ಗಂಟೆಗೆ, ಒಂದೇ ಕಪ್ ಸರಳ ಚಹಾ ಕುದಿಸತಕ್ಕದ್ದು. ಸರಳ ಚಹಾ ಎಂದರೆ ಏಲಕ್ಕಿ, ಶುಂಠಿ ಇತ್ಯಾದಿಗಳಿಲ್ಲದ ಚಹಾ. ಕುಡಿಯುವಾಗ ಧ್ಯಾನಿಯ ಮುಖದ ಮೇಲೆ ಅಗತ್ಯಕ್ಕಿಂತ ಹೆಚ್ಚು ಸಂತೋಷ ಕಾಣಿಸತಕ್ಕದ್ದಲ್ಲ.’ ಎಷ್ಟು ಸಂತೋಷ ಅಗತ್ಯ ಎಂಬುದನ್ನು ಗೊತ್ತುಪಡಿಸಲು ಉಪಸಮಿತಿಯೊಂದು ಶ್ರಮಿಸುತ್ತಿದೆ.

ಹುಬ್ಬಳ್ಳಿಯ ಹತ್ತಿ ದಲಾಲ ಶಂಭುಲಿಂಗ ಈ ನಿಯಮವನ್ನು ಓದಿಯೇ ಮೂರು ದಿನದ ಶಿಬಿರಕ್ಕೆ ಹೆಸರು ಕೊಟ್ಟರು. ಮೋಕ್ಷದ ಅವಸರ ಅವರಿಗೇನೂ ಇರಲಿಲ್ಲ. ಇಪ್ಪತ್ತೆಂಟು ವರ್ಷಗಳ ವ್ಯಾಪಾರದಲ್ಲಿ ಅವರು ಒಂದು ಕಪ್ ಚಹಾವನ್ನಾದರೂ ಬಿಸಿಯಾಗಿರುವಾಗಲೇ ತಳದ ತನಕ ಕುಡಿದವರಲ್ಲ. ಕಪ್ ಬಾಯಿಗೆ ತಾಗಿದರೆ ಸಾಕು, ಫೋನ್ ಬಾರಿಸುತ್ತಿತ್ತು. ಮಾತು ಮುಗಿಯುವಷ್ಟರಲ್ಲಿ ಚಹಾದ ಮೇಲೆ ಕೆನೆ ಕಟ್ಟಿರುತ್ತಿತ್ತು. ಫೋನ್ ಇಲ್ಲದ, ಮಾತಿಲ್ಲದ, ನಾಲ್ಕು ಗಂಟೆಯ ಒಂದು ಬಿಸಿ ಚಹಾ: ಇಷ್ಟೇ ಅವರ ಆಸೆ. ಅರ್ಜಿಯಲ್ಲಿ ‘ಉದ್ದೇಶ’ ಎಂಬಲ್ಲಿ ಚಹಾಕ್ಕೆ ಜಾಗವಿರಲಿಲ್ಲವಾದ್ದರಿಂದ ‘ಆತ್ಮಶಾಂತಿ’ ಎಂದು ಬರೆದರು.

ಶಿಬಿರದಲ್ಲಿ ಕಡ್ಡಾಯ ಮೌನ. ಬರೆಯುವಂತಿಲ್ಲ, ಕೈಸನ್ನೆ ಮಾಡುವಂತಿಲ್ಲ. ಒಂದೇ ಒಂದು ಶಬ್ದ ಆಡಿದರೂ ಶಿಬಿರ ಮತ್ತೆ ಮೊದಲ ದಿನದಿಂದ ಶುರು.

ಮೊದಲ ದಿನ ಬೆಳಗಿನಿಂದ ಶಂಭುಲಿಂಗ ತಮ್ಮ ಮನೆಯ ಪಡಸಾಲೆಯಲ್ಲಿ ಕಣ್ಣು ಮುಚ್ಚಿ ಕುಳಿತು ನಾಲ್ಕು ಗಂಟೆಯನ್ನು ಧ್ಯಾನಿಸಿದರು. ನಾಲ್ಕಕ್ಕೆ ಸರಿಯಾಗಿ ಹೆಂಡತಿ ಸಂಗವ್ವ ಹೊಗೆಯಾಡುವ ಚಹಾದ ಕಪ್ಪನ್ನು ಬಸಿಯ ಮೇಲಿಟ್ಟು ತಂದು ಮುಂದಿಟ್ಟರು. ಅದೇ ಹೊತ್ತಿಗೆ ಕರೆಗಂಟೆ ಬಾರಿಸಿತು. ಎದೆಯ ಮೇಲೆ ಬ್ಯಾಡ್ಜ್ ಹಚ್ಚಿಕೊಂಡು ನಿಂತಿದ್ದವರು ಮಂಡಳಿಯ ಪರಿವೀಕ್ಷಕ ಗುರುಬಸವ.

“ಚಹಾದ ಸರಳತಾ ಪರಿಶೀಲನೆ ಐತ್ರಿ ಅಕ್ಕಾರ. ಧ್ಯಾನದಾಗ ಇದ್ದವರು ಅಲುಗಾಡೂದು ಬ್ಯಾಡ್ರಿ.”

“ಬರ್ರಿ, ಬರ್ರಿ, ಕುಂದರ್ರಿ,” ಎಂದರು ಸಂಗವ್ವ.

ಇಲ್ಲೊಂದು ಸಂಗತಿ ಹೇಳಬೇಕು. ಆ ಮನೆಯ ಕುರ್ಚಿಯ ಮೇಲೆ ಕುಳಿತವರು ಯಾರೂ ಚಹಾ ಕುಡಿಯದೆ ಎದ್ದುಹೋದದ್ದಿಲ್ಲ. ಕರೆಂಟಿನ ಮೀಟರ್ ನೋಡಲು ಬರುವಾತ ಎರಡು ಸಲ ಕುಡಿದು ಹೋದದ್ದುಂಟು. ಈ ವಿಷಯದಲ್ಲಿ ಸಂಗವ್ವ ಯಾವ ಮಂಡಳಿಗೂ ಬಗ್ಗುವವರಲ್ಲ.

“ಚಾ ತೊಗೋರಿ.”

“ಬ್ಯಾಡ್ರಿ ಅಕ್ಕಾರ, ಈಗರ ಆಗೇತಿ.”

“ಹಂಗಂದ್ರ ಹ್ಯಾಂಗ್ರಿ? ಅರ್ಧಾ ಕಪ್ ತೊಗೋರಿ.”

“ಅರ್ಧಾ ಅಂದ್ರ ನಡೀತೈತ್ರಿ.”

“ತಡೀರಿ, ಇನ್ನೊಂದೀಟು ಇಡ್ತೇನಿ.”

ಗುರುಬಸವ ಗಾಬರಿಯಾದರು. “ಏ, ಹಂಗ್ ಮಾಡಬ್ಯಾಡ್ರಿ! ಏಳನೇ ನಿಯಮ ಮುರದಂಗ ಆಕ್ಕೈತಿ. ಇವತ್ತಿನ ಕುದಸೂದು ಮುಗೀತು. ಇದ್ದದ್ದರಾಗ ಮಾಡ್ರಿ.”

ಇದ್ದದ್ದರಲ್ಲೇ ಮಾಡಲಾಯಿತು. ಅತಿಥಿಗೆ ಕಪ್ಪು, ಮನೆಯವರಿಗೆ ಬಸಿ. ಗುರುಬಸವ ಮೊದಲ ಗುಟುಕಿಗೆ ಕಣ್ಣು ಮುಚ್ಚಿದರು, ಎರಡನೆಯದಕ್ಕೆ ತಲೆದೂಗಿದರು, ಕೊನೆಯದಾದ ಮೇಲೆ ವರದಿ ಬರೆದರು: ‘ಚಹಾ ಸರಳವಾಗಿದೆ. ಆದರೆ ಅರ್ಧ ಕಪ್ಪಿನಿಂದ ಪೂರ್ಣ ತೀರ್ಮಾನಕ್ಕೆ ಬರಲಾಗದು. ಮರುಪರಿಶೀಲನೆ ಅಗತ್ಯ.’

ಅವರು ಚಪ್ಪಲಿ ಮೆಟ್ಟಿಕೊಂಡು ಹೊರಡುವವರೆಗೆ ಶಂಭುಲಿಂಗ ನಿಯಮದಂತೆ ಅಲುಗಾಡಲಿಲ್ಲ. ಬಸಿಯ ಚಹಾ ತಣ್ಣಗಾಗಿ ಕೆನೆ ಕಟ್ಟಿತ್ತು. ಅವರಿಗೆ ಅಳು ಬಂತು. ಅಳುವಿನ ಬಗ್ಗೆ ಸುತ್ತೋಲೆಯಲ್ಲಿ ಏನೂ ಇರಲಿಲ್ಲವಾದ್ದರಿಂದ ಅದನ್ನು ಮುಂದೂಡಿದರು.

ಎರಡನೆಯ ದಿನ ನಾಲ್ಕಕ್ಕೆ ಗುರುಬಸವ ಒಬ್ಬರೇ ಬರಲಿಲ್ಲ. ಸಂತೋಷ ಉಪಸಮಿತಿಯ ಬೀನಾ ಟೀಚರ್ ಕೂಡ ಬಂದರು. ಅವರು ಶಂಭುಲಿಂಗರ ಮುಖದ ಎದುರು ಬಗ್ಗಿ, ಆ ಕಡೆಯಿಂದೊಮ್ಮೆ ಈ ಕಡೆಯಿಂದೊಮ್ಮೆ ನೋಡಿದರು.

“ಸಂತೋಷ ಅಂತೂ ಒಂಚೂರೂ ಕಾಣವಲ್ದು,” ಎಂದರು ಬೀನಾ ಟೀಚರ್. “ಒಂದೇ ದಿನದಾಗ ಭಾಳ ಛಲೋ ಪ್ರಗತಿ ಐತ್ರಿ.”

ಶಂಭುಲಿಂಗ ಬೇರೆ ದಾರಿ ಕಾಣದೆ ಕಣ್ಣು ತೆರೆದು ಹೆಂಡತಿಯನ್ನು ದುರುಗುಟ್ಟಿ ನೋಡಿದರು. ನೋಡಬಾರದೆಂಬ ನಿಯಮವಿರಲಿಲ್ಲ. ಆದರೆ ಮದುವೆಯಾದಂದಿನಿಂದ ಸಂಗವ್ವ ಗಂಡನ ಆ ನೋಟಕ್ಕೆ ಒಂದೇ ಅರ್ಥ ಹಚ್ಚುತ್ತ ಬಂದಿದ್ದಾರೆ: ಬಂದವರಿಗೆ ಇನ್ನಷ್ಟು ಹಾಕು.

“ಆತ್ರೀ, ಆತ್ರೀ, ಹಾಕ್ತೇನಿ,” ಎಂದು ಅವರು ಕಪ್ಪನ್ನು ಗುರುಬಸವರಿಗೂ ಬಸಿಯನ್ನು ಬೀನಾ ಟೀಚರ್‌ಗೂ ಹಾಕಿಕೊಟ್ಟರು. ಮನೆಯವರ ಪಾಲಿಗೆ ಮೂರು ಚಮಚ ಉಳಿಯಿತು. ಮೂರನ್ನೂ ಸಂಗವ್ವ ಔಷಧದ ಹಾಗೆ ಪ್ರೀತಿಯಿಂದಲೇ ಕುಡಿಸಿದರು. ಸಂಗವ್ವನವರ ಸ್ವಂತ ಚಹಾದ ಚಿಂತೆಯನ್ನು ಯಾರೂ ಮಾಡಬೇಕಾಗಿರಲಿಲ್ಲ. ಮೂರೂವರೆಗೇ ಪಕ್ಕದ ಮನೆಯ ಎಡಿತ್ ಅಮ್ಮನವರಲ್ಲಿ, ಶುಂಠಿ ಹಾಕಿದ್ದನ್ನು, ಕುಡಿದು ಬಂದಿರುತ್ತಿದ್ದರು.

ಆ ದಿನದ ವರದಿ: ‘ಇಬ್ಬರು ಪರಿವೀಕ್ಷಕರ ಅಭಿಪ್ರಾಯ ಒಂದೇ ಆಗಿರುವುದು ಸಂಶಯಾಸ್ಪದ. ಮರುಪರಿಶೀಲನೆ ಅಗತ್ಯ.’

ಮೂರನೆಯ ದಿನ ಧಾರವಾಡದಿಂದ ಮಂಡಳಿಯ ಅಧ್ಯಕ್ಷ ಶಾಂತಯ್ಯನವರೇ ದಯಮಾಡಿಸಿದರು. ಹಿಂದೆ ಗುರುಬಸವ, ಅವರ ಹಿಂದೆ ಬೀನಾ ಟೀಚರ್. ಒಂದು ಕಪ್ಪು, ಒಂದು ಬಸಿ, ಒಂದು ಸಣ್ಣ ಲೋಟ. ಮೂರಕ್ಕೂ ಹಂಚುವಷ್ಟರಲ್ಲಿ ಪಾತ್ರೆ ಬರಿದಾಯಿತು. ಶಂಭುಲಿಂಗ ಪಾತ್ರೆಯ ತಳ ನೋಡಿದರು. ಅವರ ಬಾಯಿ ತಾನಾಗಿಯೇ ತೆರೆಯಿತು. ‘ನನಗ’ ಎಂಬ ಶಬ್ದ ನಾಲಿಗೆಯ ತುದಿಗೆ ಬಂದು ನಿಂತಿತು.

ಮೂವರೂ ಗುಟುಕರಿಸುವುದನ್ನು ನಿಲ್ಲಿಸಿ ಅವರನ್ನೇ ನೋಡಿದರು. ಆಡಿದರೆ ಮತ್ತೆ ಮೊದಲ ದಿನ, ಮತ್ತೆ ಗುರುಬಸವ. ಶಂಭುಲಿಂಗ ಬಾಯಿ ಮುಚ್ಚಿದರು.

ಶಾಂತಯ್ಯನವರ ಕಣ್ಣುಗಳು ತೇವವಾದವು. “ನೋಡಿದ್ರೇನು! ಎದುರಿಗೆ ಚಾ ಕುಡ್ಯಾಕತ್ತೇವಿ, ಈ ಪುಣ್ಯಾತ್ಮ ಒಂದ್ ಹನಿ ಬೇಡಲಿಲ್ಲ. ಮೂರು ದಿನದಾಗ ಇಷ್ಟು ವೈರಾಗ್ಯ! ನಮಗ ಯಾರಿಗೂ ಇನ್ನೂ ಆಗಿಲ್ಲ, ಖರೇನ ಹೇಳ್ತೇನಿ.” ಎಂದವರು ಲೋಟ ಮುಂದೆ ಚಾಚಿ, “ಅಕ್ಕಾರ, ತಳದಾಗ ಏನರ ಐತೇನ್ರಿ?” ಎಂದರು.

ಪ್ರಮಾಣಪತ್ರ ಅಲ್ಲಿಯೇ ಸಿದ್ಧವಾಯಿತು. ‘ಚಹಾ’ ಎಂಬ ಅಂಕಣದಲ್ಲಿ ‘ಸೊನ್ನೆ’ ಎಂದು ಬರೆದು, ಮಂಡಳಿಯ ಇತಿಹಾಸದಲ್ಲಿಯೇ ಇಷ್ಟು ಸರಳವಾದ ಚಹಾ ಕುಡಿದವರಿಲ್ಲ ಎಂದು ದಾಖಲಿಸಿ, ಪ್ರಥಮ ದರ್ಜೆ ನೀಡಲಾಯಿತು. ಪ್ರಥಮ ದರ್ಜೆಯವರು ನಿಯಮ ಹದಿನಾಲ್ಕರಂತೆ ತಾವಾಗಿಯೇ ಗೌರವ ಪರಿವೀಕ್ಷಕರಾಗುತ್ತಾರೆ. ಗುರುಬಸವ ಒಂದು ಬ್ಯಾಡ್ಜ್ ಹಚ್ಚಿ ಕೈಕುಲುಕಿದರು. “ನಾನೂ ಹೋದ ವರ್ಷ ಹಿಂಗ ಪಾಸಾದೆ ನೋಡ್ರಿ,” ಎಂದರು.

ಮರುವಾರ ಪಕ್ಕದ ಮನೆಯ ಎಡಿತ್ ಅಮ್ಮನವರ ಪತಿ ಆಲ್ಬರ್ಟ್ ಸರ್ ಶಿಬಿರಕ್ಕೆ ಕುಳಿತರು. ಮಿಷನ್ ಸಾಲೆಯಲ್ಲಿ ಮೂವತ್ತು ವರ್ಷ ಚಿತ್ರಕಲೆ ಕಲಿಸಿ ನಿವೃತ್ತರಾದವರು. ಗಂಟೆ ಹೊಡೆಯಿತೆಂದು ಅರ್ಧಕ್ಕೆ ಬಿಟ್ಟು ಓಡಿದ ಚಹಾಗಳ ನೆನಪು ಅವರಿಗೂ ಇತ್ತು.

ನಾಲ್ಕಕ್ಕೆ ಐದು ನಿಮಿಷವಿರುವಾಗ ಶಂಭುಲಿಂಗ ಬ್ಯಾಡ್ಜ್ ಸರಿಮಾಡಿಕೊಂಡರು.

“ಏನ್ರೀ, ಮನ್ಯಾಗ ಚಾ ಇಡ್ಲೇನು?” ಎಂದು ಸಂಗವ್ವ ಕೇಳಿದರು.

“ಬ್ಯಾಡ. ಡ್ಯೂಟಿ ಮ್ಯಾಲೆ ಹೊಂಟೇನಿ.”

ಎಡಿತ್ ಅಮ್ಮ ಕುರ್ಚಿ ಹಾಕಿದರು. “ಚಾ ತೊಗೋರಿ ಶಂಭಣ್ಣಾ,” ಎಂದರು. “ಬ್ಯಾಡ್ರಿ, ಈಗರ ಆಗೇತಿ,” ಎಂದರು ಶಂಭುಲಿಂಗ. “ಅರ್ಧಾ ತೊಗೋರಿ.” “ಅರ್ಧಾ ಅಂದ್ರ ನಡೀತೈತ್ರಿ.”

ಪರಿಶೀಲನೆಯ ವೇಳೆ ಪರಿವೀಕ್ಷಕರ ಫೋನ್ ಬಂದ್ ಇರಬೇಕೆಂಬುದು ಮಂಡಳಿಯ ಕಟ್ಟುನಿಟ್ಟಿನ ನಿಯಮ. ಶಂಭುಲಿಂಗ ಫೋನ್ ಬಂದ್ ಮಾಡಿ ಕಪ್ಪನ್ನು ಎತ್ತಿಕೊಂಡರು. ಚಹಾ ನಾಲಿಗೆ ಸುಡುವಷ್ಟು ಬಿಸಿಯಿತ್ತು. ಯಾರೂ ಮಾತಾಡಲಿಲ್ಲ, ಯಾವ ಗಂಟೆಯೂ ಬಾರಿಸಲಿಲ್ಲ. ಅವರು ತಳದ ತನಕ ಕುಡಿದರು. ಕಪ್ಪಿನ ತಳದಲ್ಲಿ ಒಂದು ನೀಲಿ ಹೂವಿತ್ತು. ಕಪ್ಪುಗಳ ತಳದಲ್ಲಿ ಹೂವಿರುತ್ತದೆಂದು ಅವರಿಗೆ ಈವರೆಗೆ ಗೊತ್ತೇ ಇರಲಿಲ್ಲ. ಬದುಕು ಬಹಳ ಒಳ್ಳೆಯದು ಎನ್ನಿಸಿತು.

ತಲೆಯೆತ್ತಿದರೆ ಆಲ್ಬರ್ಟ್ ಸರ್ ಎಡಗಣ್ಣನ್ನು ಮಾತ್ರ ತೆರೆದು, ಆರುತ್ತಿರುವ ತಮ್ಮ ಬಸಿಯನ್ನು ನೋಡುತ್ತಿದ್ದರು. ಆ ನೋಟದ ಅರ್ಥ ಈ ಊರಿನಲ್ಲಿ ಶಂಭುಲಿಂಗರಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಇಂದೇ ಪಾಸು ಮಾಡಿಬಿಡಬೇಕೆಂದು ಪೆನ್ನು ತೆಗೆದರು. ಅಷ್ಟರಲ್ಲಿ ನಾಳೆಯೂ ನಾಲ್ಕು ಗಂಟೆಯಾಗುತ್ತದೆ ಎಂಬುದು ನೆನಪಾಯಿತು.

‘ಚಹಾ ಸರಳವಾಗಿದೆ,’ ಎಂದು ಬರೆದರು. ‘ಆದರೆ ಅರ್ಧ ಕಪ್ಪಿನಿಂದ ಪೂರ್ಣ ತೀರ್ಮಾನಕ್ಕೆ ಬರಲಾಗದು. ಮರುಪರಿಶೀಲನೆ ಅಗತ್ಯ.’

ಹೊರಡುವಾಗ ಆಲ್ಬರ್ಟ್ ಸರ್ ಅವರ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದರು: “ಎರಡು ದಿನ ತಡಕೋರಿ ಸರ್. ಆಮ್ಯಾಲೆ ನೀವೂ ಬ್ಯಾಡ್ಜ್ ಹಚಗೊಂಡು ಬರಾವ್ರ.”

ಆಲ್ಬರ್ಟ್ ಸರ್ ಎಡಗಣ್ಣು ಮುಚ್ಚಿದರು. ಅವರ ಮುಖದ ಮೇಲೆ ಅಗತ್ಯಕ್ಕಿಂತ ತುಸು ಹೆಚ್ಚೇ ಸಂತೋಷ ಕಾಣಿಸಿತು. ಶಂಭುಲಿಂಗ ಅದನ್ನು ವರದಿಯಲ್ಲಿ ನಮೂದಿಸಲಿಲ್ಲ.