ಗುಲ್ಮವಿಲ್ಲದವನ ಹಣೆ

ಮನುಷ್ಯನ ಹೊಟ್ಟೆಯಲ್ಲಿ ಗುಲ್ಮವೆಂಬುದೊಂದು ಇರುತ್ತದೆ ಎಂದು ನನಗೆ ಗೊತ್ತಾದದ್ದು ಅದನ್ನು ತೆಗೆದುಹಾಕಿದ ಮೇಲೆ. ಪರಿಚಯವಾಗುವ ಮೊದಲೇ ಅಗಲಿದ ಇಂಥ ಬಂಧುವಿಗಾಗಿ ಹೇಗೆ ದುಃಖಿಸಬೇಕೋ ತಿಳಿಯದೆ ಆಸ್ಪತ್ರೆಯಲ್ಲಿ ದಂಗಾಗಿ ಮಲಗಿದ್ದೆ. ಕಡೂರಿನ ಬೀದಿಯಲ್ಲಿ ಎಮ್ಮೆಯೊಂದಕ್ಕೆ ದಾರಿ ಬಿಡಲು ಹೋಗಿ, ಸೈಕಲ್ಲಿನ ಹ್ಯಾಂಡಲ್ ಹೊಟ್ಟೆಗೆ ನಾಟುವಂತೆ ಬಿದ್ದು ಗುಲ್ಮ ಒಡೆದುಕೊಂಡಿದ್ದೆ. ಎಮ್ಮೆಗೆ ಏನೂ ಆಗಲಿಲ್ಲ.

ಮನೆಗೆ ಕಳಿಸುವಾಗ ಡಾಕ್ಟರು, "ಗುಲ್ಮ ಅಂದ್ರೆ ರಕ್ತದಲ್ಲಿ ಸೇರೋ ರೋಗಾಣು ಹಿಡಿಯೋ ಕಾವಲುಗಾರ. ನಿಮಗೀಗ ಅವನಿಲ್ಲ. ಚಳಿಜ್ವರ ಬಂತೋ, ನಾಳೆ ನೋಡೋಣ ಅನ್ನಬೇಡಿ. ಈ ಪೆನ್ಸಿಲಿನ್ ಮಾತ್ರೆ ನುಂಗಿ ತಕ್ಷಣ ಆಸ್ಪತ್ರೆಗೆ ಹೊರಡಿ. ತಡ ಆದ್ರೆ ಜೀವಕ್ಕೇ ಅಪಾಯ" ಎಂದರು. ನನ್ನ ಹೆಂಡತಿ ಗೌರಮ್ಮ ಆ ಮಾತ್ರೆಗಳನ್ನು ಅಜ್ಜಂಪುರದ ನಮ್ಮ ಮನೆಗೆ ತಂದು, ಡಬ್ಬಿಯಲ್ಲಿ ಹಾಕಿ, ಕಾಫಿಪುಡಿಯ ಪಕ್ಕದಲ್ಲಿಟ್ಟಳು. ನಮ್ಮ ಬೀದಿಯಲ್ಲಿ ಕಾಫಿಪುಡಿಯ ಪಕ್ಕದಲ್ಲಿರುವುದೆಲ್ಲ ಸಾರ್ವಜನಿಕ ಆಸ್ತಿ ಎಂಬುದು ನನಗಾಗ ಹೊಳೆಯಲಿಲ್ಲ.

ಒಂದು ಮಧ್ಯಾಹ್ನ ಹಲ್ಲು ಕಟಕಟಿಸುವಂತೆ ಚಳಿ ಹತ್ತಿತು. ಡಬ್ಬಿ ತರಿಸಿ ಮುಚ್ಚಳ ತೆಗೆದರೆ ತಳ ಕಂಡಿತು.

"ಮಾತ್ರೆ ಎಲ್ಲೇ?"

"ಪಕ್ಕದ ಮನೆ ಹಾಲಮ್ಮನ ಮೊಮ್ಮಗಂಗೆ ನೆಗಡಿ ಅಂದ್ರು, ಕೊಟ್ಟೆ. ಎದುರು ಮನೆಯವ್ರಿಗೆ ಮಂಡಿನೋವು. ಮನೇಲಿಟ್ಕೊಂಡು ಇಲ್ಲ ಅನ್ನೋಕಾಯ್ತದೇನ್ರೀ? ವಾಪಸ್ ಕೊಡ್ತೀವಿ ಅಂದವ್ರೆ ಕಣ್ರೀ!"

ಮಂಡಿನೋವಿಗೆ ಪೆನ್ಸಿಲಿನ್! ಜ್ವರದಲ್ಲೂ ನಾನು ಎದ್ದು ಕೂತೆ. ಗೌರಮ್ಮ ಓಡಿಹೋಗಿ ಹಾಲಮ್ಮನವರನ್ನು ಕರೆತಂದಳು.

"ತಗಳಪ್ಪಾ, ನಿಮ್ ಕೈಗಡ ಇಟ್ಕಳಾಕಿಲ್ಲ ನಾನು. ಅದು ಮುಗ್ದೋಯ್ತು, ಇದು ತಲೆನೋವಿಂದು. ಅದಕ್ಕಿಂತ ದಪ್ಪ ಐತೆ ನೋಡು."

"ನಾನು ಸಾಯ್ತೀನಿ ಕಣಮ್ಮಾ!"

"ಬಿಡ್ತು ಅನ್ನು! ಒಂದು ಮಾತ್ರೆಗೆ ಯಾರಾದ್ರೂ ಸಾಯ್ತಾರಾ?" ಎನ್ನುತ್ತ ಹಣೆ ಮುಟ್ಟಿದ ಹಾಲಮ್ಮನವರ ಮುಖ ಬಿಳುಚಿತು. ಬೀದಿಗೆ ಓಡಿ ಅವರು ಹಾಕಿದ ಕೂಗಿಗೆ ಬಾಡಿಗೆ ಅಂಬಾಸಿಡರೊಂದು ಬಂದು, ನಮ್ಮ ಮೂವರನ್ನೂ ತರೀಕೆರೆಯ ಆಸ್ಪತ್ರೆಗೆ ಹೊತ್ತೊಯ್ದಿತು. ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಬಿದ್ದು ಬದುಕಿದೆ. "ಇನ್ನೊಂಚೂರು ತಡವಾಗಿದ್ರೆ..." ಎಂದು ಅಲ್ಲಿನ ಡಾಕ್ಟರು ಮಾತು ನಿಲ್ಲಿಸಿದಾಗ ಹಾಲಮ್ಮನವರು ಗೋಡೆ ಹಿಡಿದು ಕೂತುಬಿಟ್ಟರು.

ಹೊಸ ಮಾತ್ರೆಗಳ ಡಬ್ಬಿ ಈಗ ನನ್ನ ದಿಂಬಿನ ಪಕ್ಕದಲ್ಲಿದೆ. ಗಾಬರಿಬಿದ್ದ ಬೀದಿ ಮಾತ್ರ ನನ್ನನ್ನು ಬಿಟ್ಟಿಲ್ಲ. ಬೆಳಿಗ್ಗೆ ಹಾಲಮ್ಮನವರಿಂದ ಮೊದಲ್ಗೊಂಡು ಎಲ್ಲರೂ ಬಂದು ಹಣೆ ಮುಟ್ಟಿ ನೋಡುತ್ತಾರೆ. ನೆಗಡಿಯಾದವರು ಮುಟ್ಟಿ, ನನ್ನ ಮುಖದ ಮೇಲೇ ಸೀನಿ, "ಏನೂ ಇಲ್ಲ ಬಿಡಪ್ಪಾ" ಎಂದು ಧೈರ್ಯ ಹೇಳಿ ಹೋಗುತ್ತಾರೆ. ಈ ಕಾವಲಿನಿಂದಲೇ ನನಗೆ ರೋಗ ಬಂದೀತು ಎಂದು ಗದರಿಸಲು ದಿನವೂ ನಿಶ್ಚಯಿಸುತ್ತೇನೆ. ಆದರೆ ಯಾರೂ ಬಾರದ ದಿನ, ಮರ್ಯಾದೆ ಬಿಟ್ಟು, ನಾನೇ ಜಗಲಿಯ ಮೇಲೆ ಹಣೆ ಮುಂದೆ ಮಾಡಿಕೊಂಡು ಕೂತಿರುತ್ತೇನೆ.