ತಲೆಗೆ ವೈರ್ ಅಂಟಿಸುವ ಕೆಲಸ

ಹಲಸೂರಿನ ಒಂದು ಕ್ಲಿನಿಕ್ಕಿನಲ್ಲಿ ಜನರ ತಲೆಗೆ ವೈರ್ ಅಂಟಿಸಿ, ಮಿದುಳಿನ ಅಲೆಗಳನ್ನು ಕಂಪ್ಯೂಟರಿನಲ್ಲಿ ಹಿಡಿಯುವುದು ನನ್ನ ಕೆಲಸ. ಮಿದುಳು, ಮನಸ್ಸು ಎರಡೂ ಒಂದೆಯೋ, ಬೇರೆ ಬೇರೆಯೋ ಅಂತ ದೊಡ್ಡವರು ಇನ್ನೂ ಜಗಳ ಆಡುತ್ತಿದ್ದಾರಂತೆ. ನಮ್ಮಲ್ಲಿ ಆ ಜಗಳ ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಶುರು.

ಏನೇನು ಕಾಣುತ್ತೆ?

ಕೆ.ಆರ್. ಪುರದ ಬಾಡಿಗೆ ರೂಮಿನಲ್ಲಿರುವ ಕಲಬುರಗಿ ಕಡೆಯ ದಂಪತಿ ಬಂದಿದ್ದರು. ಗಂಡನಿಗೆ ಆಗಾಗ ತಲೆಸುತ್ತು. ನಾನು ವೈರ್ ಅಂಟಿಸಿ ಮುಗಿಸಿದ್ದೇ ತಡ, ಹೆಂಡತಿ ಕುರ್ಚಿ ಎಳೆದುಕೊಂಡು ಕಂಪ್ಯೂಟರ್ ಮುಂದೆ ಕೂತರು.

“ಮೇಡಂ, ಇವ್ರ ತಲ್ಯಾಗ ಏನೇನ್ ನಡದದ, ಎಲ್ಲಾ ಇದ್ರಾಗ ಕಾಣ್ತದೇನ್ರಿ?”

ಮಲಗಿದ್ದ ಗಂಡ ಉಸಿರು ಬಿಗಿಹಿಡಿದರು.

“ಇಲ್ಲಮ್ಮ. ಕಣ್ಣು ಮುಚ್ಚಿದ್ರೆ, ತೆರೆದ್ರೆ, ನಿದ್ದೆ ಬಂದ್ರೆ ಗೊತ್ತಾಗುತ್ತೆ. ಯೋಚನೆ ಗೊತ್ತಾಗಲ್ಲ.”

ಗಂಡ ಉಸಿರು ಬಿಟ್ಟರು. ಹೆಂಡತಿ ಎದ್ದೇಬಿಟ್ಟರು. “ಅಷ್ಟು ನನಗ ಮನಿಯಾಗೇ ಗೊತ್ತಾಗ್ತದ್ರಿ. ಅದಕ್ಕ ಇಷ್ಟು ವೈರ್ ಯಾಕ?”

ಭೇಜಾ

ರಸೆಲ್ ಮಾರುಕಟ್ಟೆಯ ಮಾಂಸದ ವ್ಯಾಪಾರಿಯೊಬ್ಬರು ರಿಪೋರ್ಟ್ ತೋರಿಸಲು ಬಂದು ನಮ್ಮ ಡಾಕ್ಟರನ್ನೇ ಹಿಡಿದುಕೊಂಡರು.

“ಸಾಬ್, ಚಿಕ್ಕಂದಿನಿಂದ ಕುರಿ ಭೇಜಾ, ಅಂದ್ರೆ ಮಿದುಳು, ಮಾರ್ತಾ ಇದ್ದೀನಿ. ಎಷ್ಟು ಬಿಚ್ಚಿ ನೋಡಿದ್ರೂ ಬೆಣ್ಣೆ ಥರ ಮೆತ್ತಗಿರುತ್ತೆ, ಅಷ್ಟೇ. ಒಳಗೆ ಒಂದು ಯೋಚನೆನೂ ಸಿಕ್ಕಿಲ್ಲ. ಬುದ್ಧಿ ಇರೋದು ಆತ್ಮದಲ್ಲಿ. ಭೇಜಾದಲ್ಲಿ ಏನೂ ಇಲ್ಲ.”

ಡಾಕ್ಟರ್ ಕನ್ನಡಕ ತೆಗೆದರು. “ಮತ್ತೆ ‘ಮಕ್ಕಳಿಗೆ ಕೊಡಿ, ಬುದ್ಧಿ ಚುರುಕಾಗುತ್ತೆ’ ಅಂತ ನನ್ನ ಹೆಂಡತಿಗೇ ಮಾರಿದ್ರಲ್ಲ ಭಾಯ್?”

“ಅದು ವ್ಯಾಪಾರ ಸಾಬ್. ಇದು ಫಿಲಾಸಫಿ.”

ನಾನು ಬೇರೆ, ಅದು ಬೇರೆ

ಇಂದಿರಾನಗರದ ಮೇಷ್ಟ್ರೊಬ್ಬರು, ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಕಲಿಸಿ ನಿವೃತ್ತರಾದವರು, ಬೆಳಿಗ್ಗೆ ಪೇಪರ್ ಓದುತ್ತಾ ಪ್ರಜ್ಞೆ ತಪ್ಪಿ ಬಿದ್ದಿದ್ದರು. ಅವರ ಹೆಂಡತಿ ಗಾಬರಿಯಲ್ಲಿ ಒಂದು ಕಾಲಿಗೆ ಗಂಡನ ಚಪ್ಪಲಿ, ಇನ್ನೊಂದಕ್ಕೆ ತಮ್ಮದು ಹಾಕಿಕೊಂಡು ಬಂದಿದ್ದರು.

ನಾನು ತಲೆಗೆ ವೈರ್ ಅಂಟಿಸುತ್ತಿದ್ದರೂ ಮೇಷ್ಟ್ರು ಮಾತ್ರ ಪಾಠ ನಿಲ್ಲಿಸಲಿಲ್ಲ. “ನೋಡಮ್ಮ, ‘ನನ್ನ ಮಿದುಳು’ ಅಂತೀನಲ್ಲ, ಹಾಗಂದ್ಮೇಲೆ ನಾನು ಬೇರೆ, ಅದು ಬೇರೆ ಅಂತಾಯ್ತು.”

“ಇರಬಹುದು ಸರ್. ಆದ್ರೆ ಇಬ್ರೂ ಅಲ್ಲಾಡಬೇಡಿ, ಕಂಪ್ಯೂಟರಿನಲ್ಲಿ ಗೆರೆ ಕೆಡುತ್ತೆ.”

ಅವರು ನಕ್ಕರು. ಆಮೇಲೆ ಹೆಂಡತಿಯ ಕಡೆ ನೋಡಿದರು. “ಮುಂದೆ ಇವಳ ಹೆಸರೇ ಮರೆತುಹೋದ್ರೆ ಏನಮ್ಮ ಮಾಡ್ಲಿ?” ಅಂತ ಮೆಲ್ಲಗೆ ಕೇಳಿದರು. ನಾನು ಅವರ ಹೊದಿಕೆ ಸರಿಮಾಡಿದೆ.

ಎಲ್ಲಾ ನೋಡಿ ಡಾಕ್ಟರ್ ಹೇಳಿದರು: “ಹೆದರೋದೇನಿಲ್ಲ. ತಿಂಡಿ ತಿನ್ನದೆ ಸಕ್ಕರೆ ಕಾಯಿಲೆ ಮಾತ್ರೆ ನುಂಗಿದ್ದೀರಿ, ಶುಗರ್ ಇಳಿದುಬಿಟ್ಟಿದೆ. ಮಿದುಳು ಚೆನ್ನಾಗಿದೆ.”

ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಮೇಷ್ಟ್ರಿಗೆ ಜೀವ ಬಂತು. ಎದ್ದು ಕೂತು ಬೆರಳೆತ್ತಿದರು. “ಮಿದುಳು ಚೆನ್ನಾಗಿದೆ, ಸರಿ. ನಾನು ಹೇಗಿದ್ದೀನಿ?”

ಡಾಕ್ಟರ್ ಬಾಯಿ ತೆರೆಯುವ ಮೊದಲೇ ಹೆಂಡತಿ ಅಂದರು: “ನೀವು ಮೊದಲಿನ ಹಾಗೇ ಇದ್ದೀರಿ. ಅದಕ್ಕೆ ಇವರ ಹತ್ರ ಔಷಧಿ ಇಲ್ಲ. ನಡೀರಿ ಮನೆಗೆ.”